ಮುಕ್ಕಾಲು ಕಾಲು, ಕಾಲು ಬೆನ್ನು

ಅಜಾಗ್ರತೆಯಿಂದ ಕೈಕಾಲು ಮುರಿದುಕೊಂಡವರನ್ನು ಕಂಡರೆ ನನಗೆ ಒಂದು ಬಗೆಯ ಹೊಟ್ಟೆಕಿಚ್ಚು. ಅವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ. ಮರ ಹತ್ತಿದೆ, ಕೊಂಬೆ ಮುರಿಯಿತು, ಬಿದ್ದೆ ಎಂದರೆ ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಆ ಭಾಗ್ಯವಿಲ್ಲ. ಈ ನಡುವಯಸ್ಸಿನವರೆಗೆ ನನಗೆ ಆಗಿರುವ ಪೆಟ್ಟುಗಳೆಲ್ಲ ಜಾಗ್ರತೆಯಿಂದಲೇ ಆದವು. ಹಿತ್ತಲಲ್ಲಿ ಹಾವು ಸೇರಿಕೊಂಡೀತೆಂದು ಹುಲ್ಲು ಕೊಯ್ಯಲು ಹೋಗಿ ಕುಡುಗೋಲಿಗೆ ಹೆಬ್ಬೆರಳು ಕೊಟ್ಟೆ. ಹಾವು ಆ ವರ್ಷವೂ ಬರಲಿಲ್ಲ, ಅದರ ಹಿಂದಿನ ವರ್ಷವೂ ಬಂದಿರಲಿಲ್ಲ. ಮಳೆ ಬಂದೀತೆಂದು ಬಿರುಬಿಸಿಲಲ್ಲಿ ಕೊಡೆ ಹಿಡಿದು ಬಸ್ಸು ಹತ್ತಲು ಹೋಗಿ, ಕೊಡೆ ಬಾಗಿಲಿಗೆ ಅಡ್ಡ ಸಿಕ್ಕಿ, ನಾನು ಕೆಳಗೂ ಕೊಡೆ ಮೇಲೂ ಉಳಿದು, ಕೊಡೆ ಒಂದೇ ದಾವಣಗೆರೆಗೆ ಹೋಗಿ ಬಂದದ್ದೂ ಉಂಟು. "ನೀವು ಇನ್ನೊಂಚೂರು ಅಜಾಗ್ರತೆಯಿಂದ ಇದ್ದಿದ್ರೆ ಆರೋಗ್ಯವಾಗಿ ಇರ್ತಿದ್ರಿ ಕಣ್ರೀ" ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ನಾನು ನಗುತ್ತೇನೆ. ಆದರೆ ಒಂದು ಸಂಗತಿ ನೆನಪಾದಾಗ ಮಾತ್ರ ಆ ನಗು ಅರ್ಧಕ್ಕೇ ನಿಲ್ಲುತ್ತದೆ. ಅದನ್ನೇ ಈಗ ಹೇಳಹೊರಟಿದ್ದೇನೆ.

ನನ್ನ ಅಕ್ಕನನ್ನು ಹೊನ್ನಾಳಿಗೆ ಕೊಟ್ಟಿದೆ. ನಾವು ಚನ್ನಗಿರಿಯಲ್ಲಿ. ನಮಗೆ ಮಕ್ಕಳಿಲ್ಲವೆಂದು ಅಕ್ಕ ತನ್ನ ಮಗಳು ಗಿರಿಜೆಯನ್ನು ಚಿಕ್ಕಂದಿನಲ್ಲೇ ನಮ್ಮ ಮನೆಗೆ ಕಳಿಸಿದಳು. ಅವಳು ನಮ್ಮಲ್ಲೇ ಬೆಳೆದಳು, ಇಲ್ಲೇ ಶಾಲೆಗೆ ಹೋದಳು. ಸಂತೆಗೆ ಹೋಗುವಾಗ ನನ್ನ ಹೆಗಲೇರಿ ಕೂತರೆ ತಿರುಗಿ ಮನೆ ಸೇರುವವರೆಗೆ ಇಳಿಯುತ್ತಿರಲಿಲ್ಲ. ಅವಳ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವಣಗಿತ್ತಿಯನ್ನು ಕೋಣೆಯಿಂದ ಹಸೆಮಣೆಗೆ ಎತ್ತಿಕೊಂಡು ಬರುವುದು ಸೋದರಮಾವನ ಹಕ್ಕು. ಹಿಂದಿನವರಿಗೆ ಇದು ಕಷ್ಟವಿರಲಿಲ್ಲ. ಹುಡುಗಿಯರು ಹಾಲುಹಲ್ಲು ಬೀಳುವ ಹೊತ್ತಿಗೆ ಮಂಟಪ ಸೇರುತ್ತಿದ್ದರು, ಸೋದರಮಾವ ಅವರನ್ನು ಬಿಂದಿಗೆಯಂತೆ ಸೊಂಟದ ಮೇಲೆ ತರುತ್ತಿದ್ದ. ಈಗ ಹುಡುಗಿಯರು ದೊಡ್ಡವರಾಗಿ, ಓದು ಮುಗಿಸಿ ಮದುವೆಯಾಗುತ್ತಾರೆ. ಶಾಸ್ತ್ರ ಹಳೆಯದು, ಹುಡುಗಿ ಹೊಸಬಳು, ಸೋದರಮಾವ ಶಾಸ್ತ್ರದಷ್ಟೇ ಹಳಬ. ಗಿರಿಜೆಯಂತೂ ತುಪ್ಪ ರೊಟ್ಟಿ ತಿಂದು ಬೆಳೆದ, ಗಟ್ಟಿಮುಟ್ಟಾದ ಹುಡುಗಿ.

ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಲ್ಲಿ ನನ್ನ ಭಾವ, ಎಂದರೆ ಗಿರಿಜೆಯ ಅಪ್ಪ, ಎಲ್ಲರಿಗೂ ಕೇಳುವಂತೆ ಶುರುಮಾಡಿದರು. "ಏನಪ್ಪಾ ಕಚೇರಿ ಸಾಹೇಬ, ನಮ್ಮ ಹುಡುಗೀನ ಎತ್ತಾಕೆ ಆಗ್ತೈತೋ, ಇಲ್ಲ ಈಗ್ಲೇ ಒಂದು ಎತ್ತಿನ ಗಾಡಿಗೆ ಹೇಳಿಬಿಡ್ಲೋ? ಮಂಟಪದಾಗೆ ಕೈ ಬಿಟ್ಟೀಯ, ಹುಷಾರು!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ನಗದಿದ್ದರೆ ಇನ್ನೂ ನಗುತ್ತಾರಲ್ಲ. ಆಗ ಅಡುಗೆಮನೆ ಬಾಗಿಲ ಹಿಂದಿನಿಂದ ಗಿರಿಜೆಯ ದನಿ ಬಂತು. "ನಮ್ಮ ಮಾವನೇ ಎತ್ತಬೇಕು. ಬೇರೆ ಯಾರು ಬಂದ್ರೂ ನಾನು ಕೋಣೆ ಬಿಟ್ಟು ಏಳಲ್ಲ."

ಅವಳ ಆ ಮಾತಿನಿಂದ ನನ್ನ ಎದೆ ಉಬ್ಬಿತು. ಉಬ್ಬಿದ ಮೇಲೆ ಹೆದರಿತು. ಅಂದಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಕಣ್ಣು ಮುಚ್ಚಿದರೆ ಮಂಟಪ, ವಾಲಗ, ಮಧ್ಯೆ ದಬ್ಬೆಂದು ಒಂದು ಸದ್ದು. ಬಲ ಎಷ್ಟಿದೆ ನೋಡೋಣವೆಂದು ಮನೆಯ ಅಕ್ಕಿ ಮೂಟೆಯನ್ನು ಎತ್ತಲು ಹೋದೆ. ಮೂಟೆ ಅಲುಗಲಿಲ್ಲ, ನಾನೇ ಸ್ವಲ್ಪ ಅಲುಗಿದೆ.

ಇಂಥ ಹೊತ್ತಿನಲ್ಲಿ ಕಚೇರಿಯವರು ಯಾವುದೋ ನಾಲೆಯ ಕಾಗದ ಕೊಟ್ಟು ನನ್ನನ್ನು ಸೂಳೆಕೆರೆಯ ಬಂಗಲೆಗೆ ಕಳಿಸಿದರು. ಅಲ್ಲಿ ಒಬ್ಬ ಇಂಜಿನಿಯರ್ ಸಾಹೇಬರು ತೂಬಿನ ಕೆಲಸಕ್ಕೆಂದು ಬಂದು ಇಳಿದಿದ್ದರು. ನಾನು ಹೋದಾಗ ಅವರು ಬಂಗಲೆಯ ಜಗಲಿಯ ಮೇಲೆ ಚಡ್ಡಿ ಹಾಕಿಕೊಂಡು ಕೂತು, ಬೆವರು ಸುರಿಸುತ್ತ, ಇಲ್ಲದ ನೀರಿನಲ್ಲಿ ಇಲ್ಲದ ದೋಣಿ ನಡೆಸುತ್ತಿದ್ದರು. ಎರಡು ಕಬ್ಬಿಣದ ಹಳಿ, ಅದರ ಮೇಲೆ ಸಣ್ಣ ಗಾಲಿಗಳ ಒಂದು ಮಣೆ, ಮುಂದೆ ಪಾದ ಇಡಲು ಹಲಗೆ, ಪಾದ ಬಿಗಿಯಲು ತೊಗಲಿನ ಪಟ್ಟಿ, ಎರಡು ಕಡೆ ಸ್ಪ್ರಿಂಗಿಗೆ ಕಟ್ಟಿದ ಹಿಡಿಗಳು. ಹಿಡಿ ಎಳೆದರೆ ಸ್ಪ್ರಿಂಗು ತಿರುಗಿ ಎಳೆಯುತ್ತದೆ. "ಏನು ನೋಡ್ತೀರಿ? ರೋಯಿಂಗ್ ಮಷೀನು. ವಿಲಾಯಿತಿಯಲ್ಲಿ ಓದುವಾಗ ಅಭ್ಯಾಸ ಆಯ್ತು" ಎಂದರು.

"ಎದುರಿಗೇ ಇಷ್ಟು ದೊಡ್ಡ ಕೆರೆ ಐತಲ್ಲ ಸ್ವಾಮಿ?"

"ಕೆರೆಯಲ್ಲಿ ಮುಳುಗಬಹುದು. ಇದರಲ್ಲಿ ಮುಳುಗೋ ಭಯ ಇಲ್ಲ."

ನನ್ನಂಥವನಿಗೆ ಇದಕ್ಕಿಂತ ಹಿತವಾದ ಮಾತು ಇನ್ನಾವುದಿದೆ? ನಾಚಿಕೆ ಬಿಟ್ಟು ಕೇಳಿದೆ, ಇದರಿಂದ ಬೆನ್ನಿಗೆ ಬಲ ಬರುತ್ತದೆಯೇ ಎಂದು. "ಬಲವೇ? ಉಕ್ಕಾಗುತ್ತೆ" ಎಂದರು. ಸೋದರಮಾವನ ಕಷ್ಟವನ್ನೆಲ್ಲ ಅವರ ಮುಂದೆ ತೋಡಿಕೊಂಡೆ. ಅವರು ನಕ್ಕರು. ಒಳ್ಳೆಯ ಮನುಷ್ಯರು, ಸ್ವಲ್ಪ ದಿನಕ್ಕೆ ಅವರಿಗೆ ವರ್ಗವಾದಾಗ ಆ ಯಂತ್ರವನ್ನು ನಿಮಗೇ ಬಿಟ್ಟು ಹೋಗುತ್ತೇನೆ, ಬನ್ನಿ ಎಂದು ಹೇಳಿಕಳಿಸಿದರು. ನಾನು ಬಂಗಲೆ ಮುಟ್ಟುವ ಹೊತ್ತಿಗೆ ಸಾಮಾನು ಕಟ್ಟಿ, ಮೋಟಾರು ಗುಡುಗುತ್ತ ಹೊರಟು ನಿಂತಿತ್ತು. ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಗದ್ದಲದಲ್ಲಿ ಕೂಗಿ ಹೇಳಿದರು. "ಒಂದೇ ಮಾತು ನೆನಪಿಟ್ಟುಕೊಳ್ಳಿ! ಮುಕ್ಕಾಲು ಕಾಲು, ಕಾಲು ಬೆನ್ನು! ಇದು ತಪ್ಪಿದರೆ ಸೊಂಟ ಹೋಗುತ್ತೆ!" ಮೋಟಾರು ಹೋಯಿತು. ಧೂಳಿನಲ್ಲಿ ನಾನು ಆ ಮಾತನ್ನು ಮಂತ್ರದಂತೆ ಜಪಿಸುತ್ತ ನಿಂತೆ.

ಯಂತ್ರವನ್ನು ಚನ್ನಗಿರಿಗೆ ತಂದುಕೊಟ್ಟವರು ಕೆರೆಬಿಳಚಿಯ ಖಾದರ್ ಸಾಬರು. ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಒಯ್ಯುವ ವ್ಯಾಪಾರಿ, ನನ್ನ ಹಳೆಯ ಸ್ನೇಹಿತ. ಅವರು ಗಾಡಿಯಲ್ಲಿ ಅದನ್ನು ಬಟ್ಟೆ ಗಂಟುಗಳ ನಡುವೆ ಮಲಗಿಸಿ, ಅದರ ಸುತ್ತ ಬಂದು ನೋಡಿದರು.

"ಏನ್ರೀ ಇದು, ಮಗ್ಗವೋ ತೊಟ್ಟಿಲೋ?"

"ದೋಣಿ ಸಾಬ್ರೆ."

"ನೀರೆಲ್ಲೈತ್ರೀ?"

"ಇದಕ್ಕೆ ನೀರು ಬೇಕಿಲ್ಲ."

"ಯಾ ಅಲ್ಲಾ! ನೀರಿಲ್ಲದ ದೋಣಿ, ದೋಣಿ ಇಲ್ಲದ ಹುಟ್ಟು. ಒಳ್ಳೇದಾತು ಬಿಡ್ರಿ, ದಡ ಸೇರೋ ಚಿಂತೇನೇ ಇಲ್ಲ."

ಬೇರೆ ಯಾವ ಕಸುಬಿನವನಾಗಿದ್ದರೂ ಸಾಹೇಬರ ಮಾತು ಸರಿಯಾಗಿ ತಿಳಿಯುತ್ತಿತ್ತೋ ಏನೋ. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಬೆಳಗಾದರೆ ಅರೆ, ಕಾಲು, ಮುಕ್ಕಾಲು, ಅರೆಕಾಲು ಎಂದು ಕೂಡುವುದೇ ನನ್ನ ಅನ್ನ. ಕಾಲು ಎಂದರೆ ನನಗೆ ಮೊದಲು ಹೊಳೆಯುವುದು ನಾಲ್ಕರಲ್ಲೊಂದು ಪಾಲು. ಅದೇ ಹೆಸರಿನದು ಸೊಂಟದ ಕೆಳಗೂ ಎರಡಿವೆ ಎಂಬುದು ನಿಧಾನವಾಗಿ ನೆನಪಾಗುತ್ತದೆ. ಆದ್ದರಿಂದ ಗಾಡಿಯಲ್ಲಿ ಕೂತೇ ಲೆಕ್ಕ ಹಾಕಿದೆ. ಮುಕ್ಕಾಲು, ಅದಕ್ಕೊಂದು ಕಾಲು, ಒಂದಾಯಿತು. ಮೇಲೆ ಇನ್ನೊಂದು ಕಾಲು. ಒಂದೂಕಾಲು ಬೆನ್ನು! ಇರುವುದು ಒಂದೇ ಬೆನ್ನು, ಒಂದೂಕಾಲು ಎಲ್ಲಿಂದ ಬಂತು ಎಂದು ಸ್ವಲ್ಪ ತೊಡಕಾಯಿತು. ಆಮೇಲೆ ತಾತ್ಪರ್ಯ ಹೊಳೆಯಿತು: ಇರುವ ಬೆನ್ನನ್ನೆಲ್ಲ ಹಾಕಬೇಕು, ಅದರ ಮೇಲೂ ಕಾಲು ಪಾಲು ಹೆಚ್ಚಿಗೆ ಹಾಕಬೇಕು, ಕಡಿಮೆಯಾದರೆ ಸೊಂಟ ಹೋಗುತ್ತದೆ. ಎಷ್ಟು ಚೆಂದ ಹೇಳಿದರು, ಓದಿದವರ ಮಾತೇ ಬೇರೆ ಎಂದು ಮೆಚ್ಚಿಕೊಂಡೆ.

ಯಂತ್ರವನ್ನು ನಡುಮನೆಯಲ್ಲಿ ಇರಿಸಿ, ಸುತ್ತಮುತ್ತ ತಲೆಗೆ ತಾಗುವಂಥದ್ದು ಏನಿದೆ, ಮೇಲಿನಿಂದ ಬೀಳುವಂಥದ್ದು ಏನಿದೆ ಎಂದೆಲ್ಲ ನೋಡಿ, ದೇವರಿಗೆ ಕೈಮುಗಿದು ಮಣೆಯ ಮೇಲೆ ಕೂತೆ. ಕೂತದ್ದೇ ತಡ, ಮಣೆ ಸರ್ರನೆ ಹಿಂದಕ್ಕೆ ಓಡಿತು. ನಾನು ಹಿಂದೆ ಹೋದೆ, ನನ್ನ ಪಂಚೆ ಗಾಲಿಗೆ ಸಿಕ್ಕಿ ಮುಂದೆಯೇ ಉಳಿಯಿತು. ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನನ್ನ ಹೆಂಡತಿಗೆ ಓಡುವ ಸಂಕೋಚವೂ ಇರಲಿಲ್ಲ, ನಿಂತೇ ನಕ್ಕಳು. ನಾನು ಮಾತ್ರ ಗಂಭೀರವಾಗಿ ಯೋಚಿಸಿದೆ. ಈ ಯಂತ್ರದಲ್ಲಿ ಅಪಾಯವಿರುವ ಜಾಗ ಇದೇ. ಕೂರುವ ಮಣೆ ಓಡಾಡುವುದೆಂದರೇನು? ವಿಲಾಯಿತಿಯಿಂದ ಬರುವಾಗ ಹಡಗಿನಲ್ಲಿ ಏನೋ ಸಡಿಲವಾಗಿದೆ, ಸಾಹೇಬರು ಗಮನಿಸಿಲ್ಲ. ಕೂಡಲೇ ಎರಡು ಮರದ ಬೆಣೆ ಕೆತ್ತಿ ಗಾಲಿಗಳ ಹಿಂದೆ ಮುಂದೆ ಬಡಿದೆ. ಸಾಲದೆಂದು ಹಗ್ಗ ಬಿಗಿದೆ. ಪಾದಗಳನ್ನೂ ತೊಗಲಿನ ಪಟ್ಟಿಯಲ್ಲಿ ನರ ಉಬ್ಬುವಷ್ಟು ಬಿಗಿದುಕೊಂಡೆ. ಈಗ ಮಣೆ ಅಲುಗುವಂತಿಲ್ಲ, ಕಾಲು ಅಲುಗುವಂತಿಲ್ಲ. ಅಪಾಯವೆಲ್ಲ ನಿವಾರಣೆಯಾಗಿ, ಅಲುಗುವುದಕ್ಕೆ ಉಳಿದದ್ದು ನನ್ನ ಬೆನ್ನು ಒಂದೇ.

ದಿನಾ ಕಚೇರಿಗೆ ಹೋಗುವ ಮುಂಚೆ ದೋಣಿ ನಡೆಸತೊಡಗಿದೆ. ಮುಂದಕ್ಕೆ ಬಿಲ್ಲಿನಂತೆ ಬಗ್ಗುವುದು, ಹಲ್ಲು ಕಚ್ಚಿ ಬೆನ್ನಿನಿಂದಲೇ ಹಿಡಿಗಳನ್ನು ಕಿತ್ತು ಎಳೆಯುವುದು. ಗಿರಿಜೆ ಬಾಗಿಲಲ್ಲಿ ನಿಂತು, "ಮಾವ, ಇವತ್ತು ಎಲ್ಲಿವರೆಗೆ ಹೋದ್ರಿ?" ಎನ್ನುತ್ತಿದ್ದಳು. "ಹೊಳೆಗೆ ಬಿದ್ದೆ ತಾಯಿ, ಹೊನ್ನಾಳಿ ಕಾಣ್ತಾ ಐತೆ" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ನಕ್ಕು ಒಳಗೆ ಹೋದವಳು ಏನು ತಿಂದಳು, ಏನು ಬಿಟ್ಟಳು ಎಂದು ನಾನು ನೋಡಲಿಲ್ಲ. ನನಗೆ ನನ್ನ ಬೆನ್ನಿನದೇ ಧ್ಯಾನ. ಕೆಲವೇ ದಿನಕ್ಕೆ ಸೊಂಟದ ಹತ್ತಿರ ಚಳಕು ಶುರುವಾಯಿತು. ನೋಡಿ, ಹುಟ್ಟಿದಂದಿನಿಂದ ಬೇಡದ್ದಕ್ಕೆಲ್ಲ ಹೆದರಿದವನು ನಾನು. ಹೆದರಲೇಬೇಕಾಗಿದ್ದ ಈ ಒಂದು ಚಳಕಿಗೆ ಮಾತ್ರ ಹೆದರಲಿಲ್ಲ. ಬಲ ಒಳಗೆ ಬರುವಾಗ ಬಾಗಿಲು ತಳ್ಳಿಕೊಂಡೇ ಬರುತ್ತದೆ ಎಂದುಕೊಂಡೆ. "ಏಳುವಾಗ ಗೋಡೆ ಹಿಡೀತೀರಲ್ರೀ, ಏನಾತು?" ಎಂದಳು ಹೆಂಡತಿ. "ಉಕ್ಕಾಗ್ತಾ ಐತೆ" ಎಂದೆ.

ಮದುವೆಗೆ ಹೊನ್ನಾಳಿಗೆ ಹೊರಡುವ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ, ಇಷ್ಟು ದಿನ ಒಂದೇ ಬೆನ್ನು ಹಾಕಿದ್ದಾಯಿತು, ಆ ಮೇಲಿನ ಕಾಲನ್ನೂ ಇವತ್ತು ಹಾಕಿಬಿಡೋಣ ಎಂದು ಉಸಿರು ಬಿಗಿಹಿಡಿದು ಎಳೆದೆ. ಬೆನ್ನಿನಲ್ಲಿ ಒಣಕಡ್ಡಿ ಮುರಿದಂತೆ ಚಟ್ಟೆಂದಿತು. ಹಿಡಿಗಳು ಕೈಬಿಟ್ಟು ಸ್ಪ್ರಿಂಗಿನ ಜೊತೆ ಹೋದವು. ನಾನು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಪಾದ ಕಟ್ಟಿಸಿಕೊಂಡು ಕೂತಲ್ಲೇ ಕೂಗಿದೆ. ಇಬ್ಬರೂ ಓಡಿಬಂದು ಪಟ್ಟಿ ಬಿಚ್ಚಿ ಚಾಪೆಯ ಮೇಲೆ ಉರುಳಿಸಿದರು. ಗಿರಿಜೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡತೊಡಗಿದಳು. ಹೆಂಡತಿ ಯಂತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆ ಸಾಹೇಬರು ಏನು ಹೇಳಿದ್ರು? ಇದ್ದದ್ದು ಇದ್ದಂಗೆ ಹೇಳ್ರಿ."

"ಮುಕ್ಕಾಲು ಕಾಲು ಕಾಲು ಬೆನ್ನು."

"ಅದಕ್ಕೆ?"

"ಕೂಡಿದ್ರೆ ಒಂದೂಕಾಲು ಬೆನ್ನು."

ಅವಳು ತುಟಿಯಲ್ಲೇ ಅದನ್ನು ಎರಡು ಸಲ ಹೇಳಿಕೊಂಡಳು. ಆಮೇಲೆ ತನ್ನ ಮೊಣಕಾಲನ್ನು ಫಟ್ಟನೆ ಹೊಡೆದುಕೊಂಡಳು. "ಕಾಲು ಅಂದ್ರೆ ಕಾಲು ರೀ! ಇದು! ನಡೆಯಾಕೆ ಕೊಟ್ಟಿರೋದು! ಮುಕ್ಕಾಲು ಪಾಲು ಕಾಲಿನ ಕೆಲಸ, ಬೆನ್ನಿಂದು ಕಾಲು ಪಾಲು!" ಎಂದು ಹಗ್ಗ ಬಿಚ್ಚಿ, ಬೆಣೆ ಕಿತ್ತು, ಮಣೆಯನ್ನು ಒಂದು ಬೆರಳಿನಿಂದ ನೂಕಿದಳು. ಅದು ಹಳಿಯ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಿತು. ಮಲಗಿದಲ್ಲಿಂದಲೇ ಎಲ್ಲವೂ ಅರ್ಥವಾಯಿತು. ಪಾದದಿಂದ ಒದ್ದು, ಕಾಲು ನೀಡಿ, ಮಣೆಯ ಜೊತೆ ಹಿಂದೆ ಹೋಗಬೇಕು, ಬೆನ್ನು ನೆಟ್ಟಗಿರಬೇಕು, ಆಮೇಲೆ ಅದು ಸ್ವಲ್ಪ ಹಿಂದಕ್ಕೆ ವಾಲಬೇಕು, ಕೈ ಬಗ್ಗುವುದು ಎಲ್ಲಕ್ಕೂ ಕೊನೆಗೆ. ಬರುವಾಗ ಇದೇ ತಿರುವುಮುರುವು: ಮೊದಲು ಕೈ ಮುಂದೆ ಹೋಗಬೇಕು, ಕಾಲು ಮಡಿಸುವುದು ಕೊನೆಗೆ. ಯಾರ ಮನೆಗಾದರೂ ಇಂಥ ಯಂತ್ರ ಬಂದರೆ ನನ್ನನ್ನು ಕೇಳಿ. ಪಂಚೆಯನ್ನು ಬಿಗಿಯಾಗಿ ಕಚ್ಚೆ ಹಾಕಿರಿ, ಪಟ್ಟಿಯನ್ನು ಪಾದ ಜಾರದಷ್ಟು ಮಾತ್ರ ಬಿಗಿಯಿರಿ, ಉಸಿರು ಹಿಡಿಯಬೇಡಿ, ಚಳಕು ಬಂದರೆ ಎದ್ದುಬಿಡಿ. ಓಡಾಡುವುದನ್ನು ಓಡಾಡಲು ಬಿಡಿ. ಇದರ ಬಗ್ಗೆ ನನ್ನಷ್ಟು ತಿಳಿದವರು ಈ ಸೀಮೆಯಲ್ಲಿ ಇಲ್ಲ, ತಿಳಿಯುವ ಹೊತ್ತಿಗೆ ಬೆನ್ನು ಇರಲಿಲ್ಲ ಅಷ್ಟೆ.

ಹೊನ್ನಾಳಿಗೆ ನನ್ನನ್ನು ಖಾದರ್ ಸಾಬರ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೋದರು. ಯುದ್ಧದ ಕಾಲ, ಇದ್ದಲ ಗ್ಯಾಸಿನ ಬಸ್ಸುಗಳು ದಿಬ್ಬ ಸಿಕ್ಕಲ್ಲೆಲ್ಲ ಪ್ರಯಾಣಿಕರನ್ನೇ ಇಳಿಸಿ ತಳ್ಳಿಸುತ್ತಿದ್ದವು. ತಳ್ಳಿಸಿಕೊಳ್ಳಬೇಕಾದ ಸ್ಥಿತಿಯಲ್ಲಿದ್ದವನು ನಾನು. "ದೋಣಿ ಮುಳುಗಿತೇನ್ರೀ?" ಎಂದರು ಸಾಬರು. ಆಮೇಲೆ ನನ್ನ ಮುಖ ಕಂಡು, ಗುಂಡಿ ಬಂದಲ್ಲೆಲ್ಲ ಎತ್ತುಗಳನ್ನು ಮೆಲ್ಲಗೆ ನಡೆಸಿದರು. ಮದುವೆ ಮನೆಯಲ್ಲಿ ಭಾವ ಬಾಗಿಲಲ್ಲೇ ನಿಂತಿದ್ದರು. ಅವರು ಏನೆನ್ನುತ್ತಾರೋ ಅದಕ್ಕೆ ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವರು ನನ್ನ ನಡಿಗೆ ನೋಡಿದರು. ಒಳಗೆ ಹೋಗಿ ಒಂದು ದಿಂಬು ತಂದು ಬೆನ್ನಿಗೆ ಕೊಟ್ಟು, "ಇಲ್ಲಿ ಕೂತ್ಕ" ಎಂದರು. ಆ ದಿಂಬಿನಷ್ಟು ಗಟ್ಟಿಯಾದದ್ದಕ್ಕೆ ನಾನು ಯಾವತ್ತೂ ಒರಗಿಕೊಂಡಿಲ್ಲ.

ಮುಹೂರ್ತ ಬಂತು. "ಸೋದರಮಾವ ಎಲ್ರೀ? ಹುಡುಗೀನ ಕರ್ಕೊಂಡು ಬರ್ರಿ" ಎಂದು ಪುರೋಹಿತರು ಕೂಗಿದರು. ನಾನು ಗೋಡೆ ಹಿಡಿದು ಗಿರಿಜೆಯ ಕೋಣೆಗೆ ಹೋದೆ. ನನ್ನ ತಮ್ಮ ತಿಪ್ಪೇಶ, ಜಗಳೂರಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವವನು, ಜೊತೆಗೆ ಬಂದ. ಅವನೂ ಸೋದರಮಾವನೇ, ಶಾಸ್ತ್ರಕ್ಕೆ ಅಡ್ಡಿಯಿಲ್ಲ. ಗಿರಿಜೆ ಹಳದಿ ಸೀರೆಯಲ್ಲಿ ಕೂತಿದ್ದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ಮಾವ, ಒಂದ್ಸಲ ನೋಡ್ರಿ. ನಾನು ಅಷ್ಟು ಭಾರ ಇಲ್ಲ."

"ಬೇಡ ತಾಯಿ, ಬಿದ್ದುಬಿಟ್ರೆ?"

"ಬಿದ್ರೆ ಇಬ್ರೂ ಬೀಳೋಣ."

"ಹುಚ್ಚಿ, ಮದುವೆ ಹುಡುಗಿ ಹಂಗೆಲ್ಲ ಅನ್ನಬಾರದು. ತಿಪ್ಪೇಶ, ಎತ್ತಪ್ಪ."

ಅವಳು ಎದ್ದು ನಿಂತಳು. ತಿಪ್ಪೇಶ ಎತ್ತಿಕೊಂಡ. ನಾನು ಹಿಂದೆ ಗೋಡೆಯ ಪಕ್ಕದಲ್ಲೇ ನಡೆದೆ. ವಾಲಗದ ಸದ್ದು ಇಳಿದ ಮೇಲೆ ಅವನು ನನ್ನ ಕಿವಿಯ ಹತ್ತಿರ ಬಗ್ಗಿ, "ಏನಣ್ಣ, ಹುಡುಗಿ ಜೋಳದ ದಂಟಿನಂಗೆ ಐತೆ. ಇದಕ್ಕಾ ನೀನು ವಿಲಾಯಿತಿ ಯಂತ್ರ ತಂದಿದ್ದು?" ಎಂದ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಮೆಲ್ಲಗೆ ಹೇಳಿದಳು. "ನಿನ್ನೆ ಗಿರಿಜೇನೇ ಹೇಳಿದ್ಲು ಕಣೋ. ಅವಳಪ್ಪ ಪಂಕ್ತೀಲಿ ಆ ಮಾತು ಅಂದಾಗಿಂದ ತುಪ್ಪ ಮುಟ್ಟಿಲ್ವಂತೆ, ಎರಡನೇ ರೊಟ್ಟಿ ಹಾಕಿಸ್ಕೊಂಡಿಲ್ವಂತೆ. ನಾನು ಒಂಚೂರು ಇಳಿದ್ರೆ ಮಾವನಿಗೆ ಹಗುರ ಆಗ್ತೈತೆ ಅಂತ."

ನಡುಮನೆಯಲ್ಲಿ ನಾನು ಬೆನ್ನು ಬಗ್ಗಿಸಿಕೊಂಡು ಎಳೆಯುತ್ತಿದ್ದಾಗ ಅಡುಗೆಮನೆಯಲ್ಲಿ ಅವಳು ಹೊಟ್ಟೆ ಬಿಗಿಹಿಡಿದು ಅದೇ ಭಾರವನ್ನು ಇಳಿಸುತ್ತಿದ್ದಳು. ಅವಳ ಪಾಲಿನ ಕೆಲಸ ಅವಳು ಮುಗಿಸಿದ್ದಳು. ನಾನು ಆ ಮಣೆಯ ಮೇಲೆ ಒಂದು ದಿನವೂ ಕೂರದೆ, ಸೋಮಾರಿಯಾಗಿ ಚಾಪೆಯ ಮೇಲೆ ಬಿದ್ದುಕೊಂಡಿದ್ದರೂ ಅವಳನ್ನು ಎತ್ತಿಕೊಂಡು ಮಂಟಪ ಸುತ್ತಿ ಬರಬಹುದಿತ್ತು. ಅಕ್ಷತೆ ಹಾಕುವಾಗ ನನ್ನ ಕಣ್ಣಲ್ಲಿ ನೀರು ಕಂಡವರು ಬೆನ್ನುನೋವು ಬಹಳ ಇರಬೇಕು ಎಂದುಕೊಂಡರು. ಹೌದೆಂದೆ.

ದೀಪಾವಳಿಗೆ ಅವಳು ಗಂಡನ ಜೊತೆ ತವರಿಗೆ ಬಂದವಳು, ಅಲ್ಲಿಂದ ನಮ್ಮಲ್ಲಿಗೂ ಬಂದಳು. ಮುಖ ತುಂಬಿಕೊಂಡಿತ್ತು, ನನಗೆ ಎಷ್ಟೋ ಸಮಾಧಾನವಾಯಿತು. ನನ್ನ ಬೆನ್ನೂ ವಾಸಿಯಾಗಿ ಬಹಳ ದಿನವಾಗಿತ್ತು. ಬಾವಿಯಿಂದ ನೀರು ಸೇದುತ್ತಿದ್ದೆ, ಸೌದೆ ಹೊರುತ್ತಿದ್ದೆ. ಹೊರಡುವ ಹೊತ್ತಿಗೆ ಅವಳ ಗಂಡ ಹೊರಗೆ ಗಾಡಿಗೆ ಸಾಮಾನು ಇಡಿಸುತ್ತಿದ್ದ. ಹೆಂಡತಿ ಬಾಗಿನ ಕಟ್ಟುತ್ತಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ. ಗಿರಿಜೆ ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ, "ಮಾವ, ಈಗ ಎತ್ತಿ ನೋಡ್ರಿ. ಇಲ್ಲಿಂದ ಹಿತ್ತಲ ಬಾಗಿಲವರೆಗೆ. ಯಾರೂ ನೋಡಲ್ಲ" ಎಂದಳು.

ನಾನು ತೋಳು ಮೇಲೇರಿಸಿದೆ. ಈ ಸಲ ಎಲ್ಲವೂ ಗೊತ್ತಿತ್ತು. ಬೆನ್ನು ನೆಟ್ಟಗಿಟ್ಟು ಮೊಣಕಾಲು ಬಗ್ಗಿಸಿದೆ, ಉಸಿರು ಸಲೀಸಾಗಿ ಬಿಟ್ಟೆ, ಕೈ ಚಾಚಿದೆ. ಆಗ ಕಣ್ಣು ನೆಲಕ್ಕೆ ಬಿತ್ತು. ಬಾನಿಯ ಹತ್ತಿರ ಸ್ವಲ್ಪ ನೀರು ಚೆಲ್ಲಿತ್ತು.

"ತಡಿ ತಾಯಿ, ನೆಲ ಒದ್ದೆ ಐತೆ. ಒರೆಸಿಬಿಡ್ತೀನಿ" ಎಂದೆ.

ಬಟ್ಟೆ ಹುಡುಕಿ ತಂದೆ. ಒರೆಸಿದೆ. ಒಂದು ಬಟ್ಟೆ ಸಾಲದೆ ಇನ್ನೊಂದು ತಂದು ಮತ್ತೆ ಒರೆಸಿದೆ. ದಾರಿಯಲ್ಲಿದ್ದ ಊಟದ ಮಣೆ ಸರಿಸಿದೆ, ಹೊಸ್ತಿಲ ಹತ್ತಿರ ಅಂಗೈಯಿಟ್ಟು ನೋಡಿದೆ. ಅಷ್ಟರಲ್ಲಿ ಹೊರಗಿನಿಂದ ಅವಳ ಗಂಡ "ಹೊತ್ತಾಯ್ತು" ಎಂದು ಕರೆದ. ನಾನು ತಲೆ ಎತ್ತುವ ಹೊತ್ತಿಗೆ ಅವಳು ಬಗ್ಗಿದ್ದ ನನ್ನ ಬೆನ್ನು ಮುಟ್ಟಿ ನಮಸ್ಕಾರ ಮಾಡಿ, ನಗುತ್ತಲೇ ಹೊರಟು ಹೋಗಿದ್ದಳು. ಗಾಡಿಯ ಗೆಜ್ಜೆ ಸದ್ದು ಬೀದಿ ತಿರುಗುವವರೆಗೂ ನಾನು ಬಟ್ಟೆ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ನೆಲ ಮಾತ್ರ ಎಷ್ಟು ಚೆನ್ನಾಗಿ ಒಣಗಿತ್ತೆಂದರೆ, ಅದರ ಮೇಲೆ ಯಾರೂ ಜಾರಿ ಬೀಳುವಂತಿರಲಿಲ್ಲ.